ಋತುಜಾಳ ಹೆಸರಿನ ಪ್ಯಾಕಾರ್ಡ್

ಜೂನ್ ೨೨, ೨೦೨೫, ರವಿವಾರ

ಗುರುಸಿದ್ಧಪ್ಪನಂಥ ಮನುಷ್ಯನ ವಶದಲ್ಲಿ ಇಂಥ ವಸ್ತು ಇರುವುದೇ ಒಂದು ಅನ್ಯಾಯ. ಮಿರಜದಲ್ಲಿರುವ ಅವನ ಅರಿಷಿಣದ ಗೋದಾಮಿನಲ್ಲಿ, ಹರಿದ ಗೋಣಿಚೀಲಗಳ ರಾಶಿಯ ಹಿಂದೆ, ಇಂದು ನಾನು ಪ್ಯಾಕಾರ್ಡನ್ನು ಕಂಡೆ. ೧೯೪೮ರ ಅಮೆರಿಕನ್ ಗಾಡಿ. ಒಂದೇ ಸಾಲಿನಲ್ಲಿ ಎಂಟು ಸಿಲಿಂಡರು, ಎಡಗಡೆಗೆ ಸ್ಟೇರಿಂಗು, ಹಿಂದಕ್ಕೆ ಮಡಚಿಕೊಳ್ಳುವ ಬಟ್ಟೆಯ ಮಾಡು. ಬಾನೆಟ್ಟಿನ ತುದಿಯಲ್ಲಿ ಉದ್ದ ಕೊರಳಿನ ಲೋಹದ ಹಕ್ಕಿ. ಅದರ ಮೇಲೆ ಅರಿಷಿಣದ ಧೂಳು ಎಷ್ಟು ದಪ್ಪವಾಗಿ ಕುಳಿತಿತ್ತೆಂದರೆ, ಮದುವೆಗೆಂದು ಹಚ್ಚಿ ಯಾರೋ ಮರೆತುಹೋದಂತಿತ್ತು.

ನಾನು ಹೋದದ್ದು ನನಗಾಗಿ ಅಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ವರ್ಕ್‌ಶಾಪಿನ ಮಾಸ್ತರನಾಗಿ ಇಡೀ ಆಯುಷ್ಯ ಹುಡುಗರಿಗೆ ಎಂಜಿನ್ನಿನ ಪಾಠ ಹೇಳಿದವನು ನಾನು. ಇಂದಿನ ಗಾಡಿಗಳ ಬಾನೆಟ್ಟು ತೆಗೆದರೆ ಪ್ಲಾಸ್ಟಿಕ್ಕಿನ ಮುಚ್ಚಳ, ಅದರ ಕೆಳಗೆ ಇನ್ನೊಂದು ಮುಚ್ಚಳ. ಎಂಜಿನ್ನು ಯಾವ ನ್ಯಾಯದಿಂದ ಉಸಿರಾಡುತ್ತದೆ ಎಂಬುದನ್ನು ಕಣ್ಣಿಂದ ನೋಡಿ ಕಲಿಯುವ ಭಾಗ್ಯ ಈ ಪೀಳಿಗೆಗೆ ಇಲ್ಲ. ಅದನ್ನು ದೊರಕಿಸಿಕೊಡುವುದು ನನ್ನ ಕರ್ತವ್ಯವೆಂದು ನಂಬಿದ್ದೇನೆ.

ನನ್ನ ಶಿಷ್ಯರಲ್ಲಿ ಅತ್ಯುತ್ತಮರಾದ ಋತುಜಾ ಮತ್ತು ಹರ್ಷದ ಜೊತೆಗಿದ್ದರು. ವಿಶ್ರಾಮಬಾಗದಲ್ಲಿ ಇಬ್ಬರೂ ಸೇರಿ ಸಣ್ಣ ಗ್ಯಾರೇಜು ನಡೆಸುತ್ತಾರೆ. ಮಾತುಕತೆ ಆರಂಭವಾಗುವ ಮೊದಲೇ ಋತುಜಾ ಗಾಡಿಯ ಅಡಿಗೆ ನುಸುಳಿದ್ದಳು. ಹೊರಬಂದಾಗ ತಲೆಯಿಂದ ಕಾಲಿನವರೆಗೆ ಹಳದಿ.

"ಸರ, ಚಾಸಿ ಗಟ್ಟಿ ಅದರಿ. ತುಕ್ಕು ಮ್ಯಾಲಿಂದ ಮ್ಯಾಲ ಅದ, ಒಳಗ ಹೋಗಿಲ್ಲ."

ಅವಳ ಮುಖದಲ್ಲಿದ್ದ ಬೆಳಕನ್ನು ನೋಡಿ ನನ್ನ ಎದೆ ತುಂಬಿತು. ಅಷ್ಟರಲ್ಲಿ ಗುರುಸಿದ್ಧಪ್ಪ ಎಲೆಯಡಿಕೆ ಉಗುಳಿ, "ಮಾಸ್ತರ, ನೋಡಾಕ ರೊಕ್ಕಿಲ್ಲ. ಮುಟ್ಟಿದ್ರ ಐತಿ," ಎಂದನು. ನನ್ನ ವಯಸ್ಸಿಗೂ ಬೆಲೆ ಕೊಡದ ಮನುಷ್ಯ.

ಜೂನ್ ೨೯, ರವಿವಾರ

ಮತ್ತೆ ಹೋಗಿದ್ದೆ. ಆ ದುಷ್ಟನು ನನ್ನನ್ನು ಬಹಳ ಹೊತ್ತು ಹೊರಗಿನ ತಕ್ಕಡಿಯ ಹತ್ತಿರ ನಿಲ್ಲಿಸಿದನು. ಒಳಗೆ ಪುಣೆಯ ಒಬ್ಬ ದಲಾಲನಿಗೆ ಚಹಾ ಕೊಟ್ಟು ಗಾಡಿ ತೋರಿಸುತ್ತಿದ್ದನು. ಆ ದಲಾಲನು ಅದಕ್ಕೆ ಬಿಳಿ ಬಣ್ಣ ಬಳಿದು ಮದುವೆಗಳಿಗೆ ಬಾಡಿಗೆಗೆ ಬಿಡುವವನಂತೆ. ಹಕ್ಕಿಯ ಕೊರಳಿಗೆ ಚೆಂಡುಹೂವಿನ ಹಾರ, ಹಿಂದಿನ ಸೀಟಿನಲ್ಲಿ ಫೇಟಾ ಸುತ್ತಿಕೊಂಡ ಮದುಮಗ. ನೆನೆದರೇ ಮೈ ಉರಿಯುತ್ತದೆ.

ನಾನು ಮಕ್ಕಳ ವಿದ್ಯೆಯ ವಿಷಯ ಹೇಳಿದೆ. ಗುರುಸಿದ್ಧಪ್ಪ ಗಂಭೀರವಾಗಿ ಕೇಳಿದವನಂತೆ ನಟಿಸಿ, ವಿದ್ಯೆ ಬೇಕಿದ್ದರೆ ಪುಸ್ತಕ ತಗೊಳ್ಳಿರಿ, ಅದಕ್ಕೆ ಪೆಟ್ರೋಲು ಬೇಕಾಗುವುದಿಲ್ಲ ಎಂದನು. ದಲಾಲನೂ ನಕ್ಕನು. ಇಬ್ಬರ ಹಲ್ಲೂ ಕೆಂಪು.

ಆದರೂ ನಾನು ಭರವಸೆ ಬಿಟ್ಟಿಲ್ಲ. ನಿವೃತ್ತಿಯ ಠೇವಣಿಯನ್ನು ಮುರಿಸಿದರೆ ದಲಾಲನಿಗಿಂತ ಹೆಚ್ಚಿಗೆ ಹೇಳಬಹುದು. ಶಾಲನಳಿಗೆ ಇನ್ನೂ ತಿಳಿಸಿಲ್ಲ. ಹೆಂಡತಿಗೆ ಸರಿಯಾದ ಸಮಯದಲ್ಲಿ ತಿಳಿಸುವುದು ಸುಳ್ಳು ಹೇಳಿದಂತಲ್ಲ.

ಜುಲೈ ೧೦, ಗುರುವಾರ, ಗುರುಪೂರ್ಣಿಮೆ

ಹುಡುಗರು ಬಂದಿದ್ದರು. ತೆಂಗಿನಕಾಯಿ, ಶಾಲು, ಒಂದು ಡಬ್ಬಿ ಪೇಢೆ. ಋತುಜಾ ಕಾಲುಮುಟ್ಟಿ ನಮಸ್ಕರಿಸಿದಾಗ ಅವಳ ಉಗುರಿನ ಸಂದಿಯಲ್ಲಿ ಗ್ರೀಸು ಕಾಣಿಸಿತು. ಅಂಥ ಕೈಗಳ ಆಶೀರ್ವಾದವನ್ನು ನಾನೇ ಪಡೆಯಬೇಕು ಅನ್ನಿಸಿತು.

ಎಲ್ಲರ ಎದುರು ಪ್ಯಾಕಾರ್ಡಿನ ಸುದ್ದಿ ಹೇಳಿದೆ. ಶಾಲನ ಅಡಿಗೆಮನೆಯಿಂದ ಬಾಗಿಲಿಗೆ ಬಂದು ನಿಂತಳು. ಠೇವಣಿಯ ಮಾತಿಗೆ ಅವಳು ಬಾಯಿ ತೆರೆಯಲಿಲ್ಲ. ಕೇಳಿದ್ದು ನನ್ನ ನಿಯಮದ ಬಗ್ಗೆ. ಹಿಂದೊಮ್ಮೆ ಕವಲಾಪುರದಲ್ಲಿ ಚಾತುರ್ಮಾಸಕ್ಕೆ ನಿಂತ ಮುನಿಮಹಾರಾಜರ ಎದುರು ನಾನು ಪರಿಗ್ರಹಕ್ಕೆ ಮಿತಿ ಹಾಕಿಕೊಂಡಿದ್ದೆ: ಒಂದು ಮನೆ, ಒಂದು ತುಂಡು ಹೊಲ, ಒಂದು ವಾಹನ, ಅದಕ್ಕಿಂತ ಹೆಚ್ಚಿನದು ನನ್ನ ಹೆಸರಿನಲ್ಲಿ ಇರಕೂಡದು. ಆ ಒಂದು ವಾಹನ ನನ್ನ ಸ್ಕೂಟರು.

ಇದಕ್ಕೆ ಪರಿಹಾರವನ್ನು ನಾನು ಮೊದಲೇ ಯೋಚಿಸಿದ್ದೆ. ಗಾಡಿ ಋತುಜಾಳ ಹೆಸರಿನಲ್ಲಿ ಆಗುತ್ತದೆ. ಶಿಷ್ಯರಿಗಾಗಿ ಕೊಳ್ಳುವ ವಸ್ತು ಶಿಷ್ಯೆಯ ಹೆಸರಿನಲ್ಲಿರುವುದು ಎಲ್ಲ ರೀತಿಯಿಂದಲೂ ಯೋಗ್ಯ.

"ಹೆಸರಿಗಷ್ಟ ನಿಯಮ ಕೊಟ್ಟೀರೇನ್ರಿ, ಮನಸಿಗೆ ಕೊಟ್ಟಿಲ್ಲೇನು?" ಎಂದಳು ಶಾಲನ. ಶಿಷ್ಯರ ಎದುರಿಗೆ.

ಋತುಜಾ ಗಾಬರಿಗೊಂಡಳು. "ಸರ, ನನ್ನ ಹೆಸರಿಗೆ ಬ್ಯಾಡ್ರಿ. ನಾಳೆ ಏನರೆ ಹೆಚ್ಚುಕಮ್ಮಿ ಆದ್ರ?" ನನ್ನ ಮಗಳಿದ್ದರೆ ನಿನ್ನಂತೆಯೇ ಇರುತ್ತಿದ್ದಳು ಎಂದೆ. ಅವಳು ತಲೆ ತಗ್ಗಿಸಿದಳು. ಹರ್ಷದ ಮಾತ್ರ ಪೇಢೆ ತಿನ್ನುತ್ತ, "ಆತು, ಇವತ್ತಿಂದ ನೀ ಶೇಠಾಣಿ. ನನಗ ಪಗಾರ ಏರಸು," ಎಂದನು. ಒಳ್ಳೆಯ ಹುಡುಗ. ಗಾಂಭೀರ್ಯ ಸ್ವಲ್ಪ ಕಡಿಮೆ.

ಜುಲೈ ೧೨, ಶನಿವಾರ

ಆಯಿತು. ಪ್ಯಾಕಾರ್ಡ್ ನಮ್ಮದಾಯಿತು.

ಗುರುಸಿದ್ಧಪ್ಪನು ಕೊನೆಯವರೆಗೂ ವಿಷ ಕಾರಿದನು. ಕಾಗದಕ್ಕೆ ಸಹಿ ಮಾಡುವಾಗ ಪೆನ್ನು ಎತ್ತಿ ಹಿಡಿದು ಕೇಳಿದನು: "ಮಾಸ್ತರ, ಹೆಸರು ಈ ಹುಡುಗೀದು, ರೊಕ್ಕ ನಿಮ್ಮದು. ಹಂಗಾರ ಗಾಡಿ ಯಾರ್ದು?"

ವಿದ್ಯೆಯದು ಎಂದೆ.

"ವಿದ್ಯೆಗೆ ಲೈಸನ್ಸ್ ಐತೇನ್ರಿ?"

ಅವನ ಗುಮಾಸ್ತರೂ ಹಮಾಲರೂ ನಕ್ಕರು. ಅವನು ಕೀಲಿಯನ್ನು ನನ್ನ ಚಾಚಿದ ಕೈಯನ್ನು ದಾಟಿಸಿ ಋತುಜಾಳ ಕೈಗೆ ಕೊಟ್ಟನು. ಬೇಕೆಂದೇ ಹಾಗೆ ಮಾಡಿದನು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡಳು. ಗೋದಾಮಿನ ಗೇಟು ದಾಟಿದ ಮೇಲೆ ನಾನು ಅವಳಿಂದ ಕೀಲಿ ತೆಗೆದುಕೊಂಡೆ. ಚಿಕ್ಕವರು ಎಲ್ಲಿಯಾದರೂ ಮರೆತಿಟ್ಟರೆ ಇಂಥ ಕೀಲಿ ಮತ್ತೆ ಸಿಗುವುದಿಲ್ಲ.

ಜುಲೈ ೨೦, ರವಿವಾರ

ಗಾಡಿಯನ್ನು ಕವಲಾಪುರದ ನಮ್ಮ ಹೊಲಕ್ಕೆ ತಂದಿದ್ದೇವೆ. ಅಲ್ಲಿಯ ಬೇದಾಣೆ ಶೆಡ್ಡು ಈಗ ಖಾಲಿ. ದ್ರಾಕ್ಷಿ ಒಣಗಿಸುವ ಜಾಳಿಗೆಗಳನ್ನು ಬಿಚ್ಚಿ ಜಾಗ ಮಾಡಿದೆವು. ನಾಲ್ಕೂ ಕಡೆ ತೆರೆದದ್ದಾದರೂ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಇದೆ.

ಹುಡುಗರು ಇಂದೇ ಎಂಜಿನ್ನು ಬಿಚ್ಚಲು ಸಿದ್ಧರಾಗಿದ್ದರು. ನಾನು ತಡೆದೆ. ಮುಂಬಯಿಯಿಂದ ಕೈಪಿಡಿಯ ಪ್ರತಿ ಬರುವವರೆಗೆ ಒಂದು ಬೋಲ್ಟನ್ನೂ ಮುಟ್ಟಬಾರದು, ಅಲ್ಲಿಯವರೆಗೆ ಧೂಳು ತೆಗೆಯುವುದಷ್ಟೇ ಕೆಲಸ. ಸಂಯಮವೂ ಒಂದು ಪಾಠ. ಹರ್ಷದನು ಹಕ್ಕಿಯನ್ನು ಒರೆಸುವಾಗ ಶಿಳ್ಳೆ ಹಾಕುತ್ತಿದ್ದನು, ಅದನ್ನೂ ನಿಲ್ಲಿಸಿದೆ.

ಸಂಜೆ ಅವರು ಹೋದ ಮೇಲೆ ಸ್ವಲ್ಪ ಹೊತ್ತು ಸ್ಟೇರಿಂಗಿನ ಹಿಂದೆ ಕುಳಿತೆ. ಪರೀಕ್ಷಿಸುವುದಕ್ಕಾಗಿ.

ಆಗಸ್ಟ್ ೩, ರವಿವಾರ

ಇಂದು ಋತುಜಾಳ ಮೇಲೆ ಕೂಗಬೇಕಾಯಿತು.

ಮಾಡನ್ನು ಹೊರುವ ಮರದ ಕಮಾನುಗಳು ಹುಳು ತಿಂದು ಟೊಳ್ಳಾಗಿದ್ದವು. ಅವನ್ನು ಮುಂಬಯಿಯ ಒಬ್ಬ ತಜ್ಞನಿಗೆ ಕಳಿಸಲು ನಾನು ನಿಶ್ಚಯಿಸಿದ್ದೆ. ಅವಳು ನನ್ನನ್ನು ಕೇಳದೆ, ಮಿರಜದಲ್ಲಿ ಸಿತಾರು ಮಾಡುವ ಕಾರಖಾನೆಯೊಂದರ ಧೋಂಡಿಬಾ ಎಂಬವನ ಹತ್ತಿರ ತೆಗೆದುಕೊಂಡು ಹೋಗಿದ್ದಾಳೆ! ಅವನು ಸಿತಾರಿನ ಉದ್ದ ಕೊರಳಿಗೆ, ದಾಂಡಿಗೆ, ಬಳಸುವ ತೂನ್ ಮರದಲ್ಲಿ ಹೊಸ ಕಮಾನುಗಳನ್ನು ಬಗ್ಗಿಸಿ ಕೊಟ್ಟಿದ್ದಾನೆ. ಅವನ ಪರಿಚಯದವರೇ, ಸಿತಾರಿಗೆ ಗವಸು ಹೊಲಿಯುವವರು, ಕ್ಯಾನ್ವಾಸಿನ ಮಾಡನ್ನೂ ಹೊಲಿದಿದ್ದಾರೆ.

ಡೆಟ್ರಾಯಿಟಿನಲ್ಲಿ ಹುಟ್ಟಿದ ಗಾಡಿಯ ತಲೆಯ ಮೇಲೆ ತಂಬೂರಿ ಮಾಡುವವರ ಕೈಕೆಲಸ. ನಾನು ಅದನ್ನೇ ಹೇಳಿದೆ. ಅವಳು ಮೊದಲ ಬಾರಿಗೆ ನನ್ನೆದುರು ದನಿ ಎತ್ತಿದಳು.

"ಸರ, ಕಟಗಿ ಬಗ್ಗಸೂದು ಅವರ ಹೊಟ್ಟೀಪಾಡು ಅದರಿ. ಮುರದ್ರ ನಾ ಜಿಮ್ಮೇದಾರ. ಗಾಡಿ ನನ್ನ ಹೆಸರಿಗೇ ಅದ ಅಲ್ಲರಿ?"

ಕೊನೆಯ ಮಾತನ್ನು ಅವಳು ತಮಾಷೆಯಾಗಿ ಹೇಳಿರಬಹುದು. ಹರ್ಷದ ನಕ್ಕನು. ನಾನು ನಗಲಿಲ್ಲ. ಗುರುಸಿದ್ಧಪ್ಪನ ಕೆಂಪು ಹಲ್ಲು ಕಣ್ಣೆದುರು ಬಂದಿತು.

ಆಗಸ್ಟ್ ೧೧, ಸೋಮವಾರ

ಕಣ್ಣಿನ ತಪಾಸಣೆಗೆ ಮಿರಜಕ್ಕೆ ಹೋಗಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ, ವಿಜಾಪುರದ ಕಡೆಯಿಂದ ಬಂದ ರೋಗಿಗಳ ಗದ್ದಲದ ನಡುವೆ, ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕುಳಿತಿದ್ದಾಗ ಫೋನು ಬಂದಿತು. ಋತುಜಾಳದು. ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದಿದ್ದಳು.

ಎಂಟು ಸಿಲಿಂಡರು. ಅವಸರವಿಲ್ಲದ, ಆಳವಾದ, ಒಂದೇ ಸಮನಾದ ಉಸಿರು. ಎಲ್ಲಿಯೂ ತಪ್ಪಿಲ್ಲ.

"ಸರ, ಕೇಳಸ್ತದೇನ್ರಿ?"

ನಾನು ಫೋನು ಇಟ್ಟೆ. ಕೈಪಿಡಿ ಇನ್ನೂ ಬಂದಿಲ್ಲ. ಕೀಲಿ ನನ್ನ ಕಿಸೆಯಲ್ಲಿದೆ. ಅಂದರೆ ತಂತಿ ಜೋಡಿಸಿ, ಕಳ್ಳರು ಮಾಡುವಂತೆ, ನನ್ನ ಗಾಡಿಯನ್ನು ನಾನಿಲ್ಲದೆ ಚಾಲು ಮಾಡಿದ್ದಾರೆ.

ಆಗಸ್ಟ್ ೧೭, ರವಿವಾರ

ಹರ್ಷದನನ್ನು ಬರಬೇಡವೆಂದು ಕಳಿಸಿದೆ.

ನಾನು ಶೆಡ್ಡು ತಲುಪಿದಾಗ ಅಲ್ಲಿ ಗಾಡಿಯಿರಲಿಲ್ಲ. ಕಾಲುವೆಯ ದಾರಿಯಿಂದ ಅದು ಬರುವುದು ಕಾಣಿಸಿತು. ಮಾಡು ಹಿಂದಕ್ಕೆ ಮಡಚಿತ್ತು; ಹರ್ಷದ ನಡೆಸುತ್ತಿದ್ದನು; ಹಿಂದಿನ ಸೀಟಿನ ಮೇಲೆ ಊರಿನ ಏಳೆಂಟು ಮಕ್ಕಳು ಕೈ ಬೀಸುತ್ತ ನಿಂತಿದ್ದರು. ಒಬ್ಬಳ ಕೈಯಲ್ಲಿ ಚುರುಮುರಿ ಭೇಳಿನ ಪೊಟ್ಟಣ. ಮೂಲ ಚರ್ಮದ ಸೀಟು ಅದು!

ಮಕ್ಕಳೆಂದರೆ ನನಗೆ ಪ್ರಾಣ. ಆದರೆ ಪ್ರತಿಯೊಂದಕ್ಕೂ ಒಂದು ಸ್ಥಳವಿರುತ್ತದೆ. ಎಲ್ಲರನ್ನೂ ಇಳಿಸಿದೆ. ಒಂದು ಹುಡುಗಿ ಅತ್ತಳು. ಹರ್ಷದನಿಗೆ ನಾನು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ಅವಶ್ಯವಾಗಿದ್ದವು. ಅವನು ಹತ್ಯಾರಗಳನ್ನು ಚೀಲಕ್ಕೆ ತುಂಬಿದನು. ಶಿಳ್ಳೆ ಹಾಕಲಿಲ್ಲ.

ಋತುಜಾ ನನ್ನನ್ನೇ ನೋಡುತ್ತಿದ್ದಳು. "ನಾವೂ ಒಮ್ಮೆ ಇಂಥಾ ಹುಡುಗ್ರ ಇದ್ದಿವ್ರಿ, ಸರ. ನಿಮ್ಮ ವರ್ಕ್‌ಶಾಪನ್ಯಾಗ." ಅಷ್ಟು ಹೇಳಿ ಅವನ ಬೈಕಿನ ಹಿಂದೆ ಕುಳಿತು ಹೊರಟುಹೋದಳು.

ಶೆಡ್ಡಿನ ಸುತ್ತ ತಂತಿಬೇಲಿ ಹಾಕಿಸಿ, ಅದರ ಬಾಗಿಲಿಗೆ ಬೀಗ ಜಡಿದಿದ್ದೇನೆ. ತಪ್ಪು ತಿಳಿದ ದಿನ ಅವರೇ ಬರುತ್ತಾರೆ. ಗುರುವಿಗೆ ತಾಳ್ಮೆ ಬೇಕು.

ಆಗಸ್ಟ್ ೨೮, ಗುರುವಾರ

ದಶಲಕ್ಷಣ ಪರ್ವ ಆರಂಭವಾಯಿತು. ಮೊದಲ ದಿನದ ಧರ್ಮ ಉತ್ತಮ ಕ್ಷಮೆ. ನನ್ನದು ಏಕಭುಕ್ತ. ಬಸದಿಯಲ್ಲಿ ಪ್ರವಚನ ಚೆನ್ನಾಗಿತ್ತು. ಅದರ ನಡುವೆ ಕ್ಲಚ್ಚು ಏಕೆ ಜಾರುತ್ತಿರಬಹುದು ಎಂಬುದು ಹೊಳೆಯಿತು.

ಋತುಜಾ ಬಸದಿಗೆ ಬಂದಿದ್ದಳು, ಹೆಂಗಸರ ಬದಿಯಲ್ಲಿ. ನನ್ನನ್ನು ನೋಡಿ ಎದ್ದು ನಿಂತಳು. ನಾನು ಅಭಿಷೇಕದ ಕಡೆಗೆ ಗಮನ ಕೊಟ್ಟೆ.

ಸೆಪ್ಟೆಂಬರ್ ೨, ಮಂಗಳವಾರ

ಕೈಪಿಡಿ ಬಂದಿತು. ಓದಲು ಕೂತರೆ ಅಕ್ಷರಗಳು ಬಹಳ ಸಣ್ಣವು.

ಮಾಡು ಇನ್ನೂ ಮಡಚಿಯೇ ಇದೆ. ಅದನ್ನು ಎತ್ತುವ ಎಣ್ಣೆಯ ಪಂಪು ಕೆಟ್ಟಿರುವುದರಿಂದ ಎರಡೂ ಬದಿಗೆ ಒಬ್ಬೊಬ್ಬರು ನಿಂತು ಏಕಕಾಲಕ್ಕೆ ಎತ್ತಬೇಕು. ಇರಲಿ. ಹಾಗೆಯೇ ಚೆಂದ.

ಸೆಪ್ಟೆಂಬರ್ ೮, ಸೋಮವಾರ, ಕ್ಷಮಾವಣಿ

ಬೆಳಿಗ್ಗೆಯಿಂದ ಬಂಧುಗಳು, ನೆರೆಯವರು ಬಂದು ಕೈಜೋಡಿಸಿ, ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳಿ ಹೋದರು. ನಾನೂ ಕೇಳಿದೆ, ಕೊಟ್ಟೆ. ಅಭ್ಯಾಸದ ಮಾತು ಸರಾಗವಾಗಿ ಬರುತ್ತದೆ.

ಮಧ್ಯಾಹ್ನ ಋತುಜಾ ಬಂದಳು. ಎರಡು ಕೈ ಜೋಡಿಸಿ ಕ್ಷಮೆ ಕೇಳಿದಳು. ನಾನು ಉತ್ತಮ ಕ್ಷಮಾ ಎಂದೆ. ಶಾಲನ ತಂಬಿಗೆಯಲ್ಲಿ ನೀರು ತಂದಿಟ್ಟಳು. ಋತುಜಾ ಕುಡಿಯಲಿಲ್ಲ. ಚೀಲದಿಂದ ಕಾಗದಗಳನ್ನು ತೆಗೆದು ಟೀಪಾಯಿಯ ಮೇಲೆ ಇಟ್ಟಳು. ಗಾಡಿಯನ್ನು ನನ್ನ ಹೆಸರಿಗೆ ವರ್ಗಾಯಿಸುವ ಕಾಗದಗಳು. ಎಲ್ಲ ಕಡೆ ಅವಳ ಸಹಿ ಆಗಿತ್ತು.

"ನೀವು ಸಿಟ್ಟಿಗೆದ್ರಿ ಅಂತ ಅಲ್ಲರಿ, ಸರ. ನನ್ನದು ಅಂತ ಹೆಸರು, ಆದ್ರ ಮುಟ್ಟಾಕ ನಿಮ್ಮನ್ನ ಕೇಳಬೇಕು. ಇಂಥಾ ಗಾಡಿ ನನಗ ಬ್ಯಾಡ. ನಿಮಗ ಬೇಕಾಗಿದ್ದು ನಿಮ್ಮ ಹೆಸರಿಗೇ ಇರಲಿ."

ನನ್ನ ನಿಯಮದ ಗತಿ ಏನೆಂದು ಕೇಳಿದೆ.

"ಅದನ್ನ ನಾ ಹೆಂಗ ಹೇಳಲಿ? ನಿಯಮ ನಿಮ್ಮದು."

ಅವಳು ಹೋದ ಮೇಲೆ ಶಾಲನ ನೀರಿನ ತಂಬಿಗೆಯನ್ನು ತುಳಸಿಯ ಬುಡಕ್ಕೆ ಸುರಿದಳು.

ಮಾರ್ಗವೇನೂ ಕಠಿಣವಲ್ಲ. ಸ್ಕೂಟರನ್ನು ಮಾರಿದರೆ ಮತ್ತೆ ಒಂದೇ ವಾಹನ. ನಿಯಮಕ್ಕೆ ಕೂದಲೆಳೆಯಷ್ಟೂ ಭಂಗವಿಲ್ಲ. ಮುಂದಿನ ಸೋಮವಾರ ಕಚೇರಿಗೆ ಹೋಗಿ ಕಾಗದ ಕೊಟ್ಟುಬರುತ್ತೇನೆ. ಕೃತಘ್ನತೆಯನ್ನು ಕ್ಷಮಿಸುವುದೂ ಗುರುವಿನ ಧರ್ಮ. ಕ್ಷಮಿಸಿದ್ದೇನೆ.

ಸೆಪ್ಟೆಂಬರ್ ೧೪, ರವಿವಾರ

ಸ್ಕೂಟರು ನೋಡಲು ಬರುವವನು ನಾಳೆಗೆ ಹೇಳಿದ್ದನು. ಕಾಗದದಲ್ಲಿ ಚಾಸಿಯ ನಂಬರು ತಪ್ಪಿರಬಾರದೆಂದು, ಹೋಲಿಸಿ ನೋಡಲು ಮಧ್ಯಾಹ್ನ ಅವನ್ನು ತೆಗೆದುಕೊಂಡು ಹೊಲಕ್ಕೆ ಹೋದೆ. ನೋಡಿ ಮುಗಿದ ಮೇಲೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟು, ಸ್ಟೇರಿಂಗಿನ ಹಿಂದೆ ಕುಳಿತೆ. ಖಾನೆಯ ಮುಚ್ಚಳ ಪಾಲಿಶಿಗೆ ಹೋಗಿದೆ. ಋತುಜಾಳೇ ಕೊಟ್ಟಿದ್ದಳು, ಎಲ್ಲಿಗೆಂದು ನಾನು ಕೇಳಿಟ್ಟುಕೊಂಡಿಲ್ಲ.

ಗಾಳಿ ಎದ್ದದ್ದು ಒಮ್ಮೆಲೇ. ಶೆಡ್ಡಿನ ಮೇಲಿನ ಪ್ಲಾಸ್ಟಿಕ್ಕು ಹರಿದು, ಹಾರಿ, ಪಕ್ಕದ ಕಬ್ಬಿನ ಮೇಲೆ ಹೋಗಿ ಬಿದ್ದಿತು. ಹಿಂದೆಯೇ ಮಳೆ.

ನಾನು ಬಲಬದಿಗೆ ಓಡಿ ಮಾಡು ಎತ್ತಿದೆ. ನನ್ನ ಬದಿ ಮೇಲೆ ಬಂದಿತು. ಆ ಬದಿ ಏಳಲಿಲ್ಲ. ಆ ಕಡೆ ಓಡಿ ಅದನ್ನು ಎತ್ತಿದರೆ ಇದು ಕುಸಿಯಿತು. ಯಾರನ್ನಾದರೂ ಕರೆಯೋಣವೆಂದರೆ ಸುತ್ತ ನಾನೇ ಹಾಕಿಸಿದ ತಂತಿಬೇಲಿ, ಒಳಗಿನಿಂದ ನಾನೇ ಹಾಕಿದ ಬೀಗ. ಕೊನೆಗೆ ನಡುವಿನ ಕಮಾನಿನ ಕೆಳಗೆ ಹೆಗಲು ಕೊಟ್ಟು, ಎರಡೂ ಕೈಯಿಂದ ಹಿಡಿದು, ಹಿಂದಿನ ಸೀಟಿನ ಮೇಲೆ ಬಾಗಿ ನಿಂತೆ. ಗಾಳಿ ಕ್ಯಾನ್ವಾಸನ್ನು ಕಿತ್ತುಕೊಳ್ಳಲು ನೋಡುತ್ತಿತ್ತು. ತೂನ್ ಮರ ಬಾಗಿತು, ಮತ್ತೆ ತನ್ನ ಆಕಾರಕ್ಕೆ ಬಂದಿತು, ಮತ್ತೆ ಬಾಗಿತು. ಮುರಿಯಲಿಲ್ಲ. ಹೊಲಿಗೆಯೊಂದೂ ಬಿಡಲಿಲ್ಲ. ಮುರಿದರೆ ತಾನು ಜವಾಬ್ದಾರಳು ಎಂದು ಅವಳು ಹೇಳಿದ್ದಳು. ಅದು ನೆನಪಿಗೆ ಬಂದಿತು.

ಮುಂದಿನ ಖಾನೆಯಲ್ಲಿ ಕಾಗದಗಳು ತೊಯ್ಯುತ್ತಿದ್ದವು. ಕಾಣಿಸುತ್ತಿತ್ತು. ಒಂದು ಕೈ ಬಿಟ್ಟು ಮುಂದಕ್ಕೆ ಬಾಗಿದರೆ ಸಿಗುವಷ್ಟು ದೂರ. ಕೈ ಬಿಟ್ಟರೆ ಕಮಾನು ಹೋಗುತ್ತಿತ್ತು. ಬಿಡಲಿಲ್ಲ.

ಮಳೆ ನಿಂತ ಮೇಲೆ ನೋಡಿದರೆ ಅವಳ ಸಹಿಗಳೆಲ್ಲ ನೀಲಿ ನೀರಾಗಿ ಹರಿದಿದ್ದವು. ಕಾಗದ ಕೈಗೆ ಮುದ್ದೆಯಾಗಿ ಬಂದಿತು. ಬಾನೆಟ್ಟಿನ ಮೇಲಿನ ಹಕ್ಕಿಯ ಕೊರಳಿನ ಸಂದಿಯಿಂದ, ಇಷ್ಟು ತಿಂಗಳು ಒರೆಸಿದರೂ ಹೋಗದ ಅರಿಷಿಣ, ಒಂದು ಹಳದಿ ಗೆರೆಯಾಗಿ ಇಳಿದಿತ್ತು.

ಮನೆಗೆ ಬಂದಾಗ ಶಾಲನ ಒಣ ಪಂಜೆ ಕೊಟ್ಟು, ಕಾಗದ ಎಲ್ಲಿ ಎಂದು ಕೇಳಿದಳು. ತೊಯ್ದವು ಎಂದೆ.

"ಹೊಸ ಕಾಗದಕ್ಕ ಸಹಿ ಹಾಕ್ಸಾಕ ಹೋಗ್ತೀರೇನು ಮತ್ತ?"

ಅದಕ್ಕೆ ಈಗ ಬಿಡುವಿಲ್ಲ. ಮಾಡು ಅರ್ಧಕ್ಕೆ ನಿಂತಿದೆ; ನನ್ನ ಬದಿಗೆ ಬಿದಿರಿನ ಗಳ ಆನಿಸಿ ಬಂದಿದ್ದೇನೆ, ಬಹಳ ಹೊತ್ತು ತಾಳಲಾರದು. ಬೆಳಿಗ್ಗೆ ಎದ್ದ ಕೂಡಲೇ ಸ್ಕೂಟರಿನ ಮೇಲೆ ವಿಶ್ರಾಮಬಾಗಕ್ಕೆ ಹೋಗಬೇಕು. ಹರ್ಷದನೂ ಬರಲಿ, ಸೀಟಿನ ನೀರು ತೆಗೆಯಲು ಒಬ್ಬರು ಬೇಕು, ಶಿಳ್ಳೆ ಹಾಕಿದರೂ ಚಿಂತೆಯಿಲ್ಲ. ಬೀಗದ ಕೈಯನ್ನೂ ಗಾಡಿಯ ಕೀಲಿಯನ್ನೂ ಒಂದೇ ದಾರಕ್ಕೆ ಕಟ್ಟಿ ಕಿಟಕಿಯಲ್ಲಿ ಇಟ್ಟಿದ್ದೇನೆ. ಗಾಡಿಯ ಒಡತಿ ಬಂದು ಆ ಇನ್ನೊಂದು ಬದಿಗೆ ಕೈ ಕೊಡದ ಹೊರತು ಮಾಡು ಏಳುವುದಿಲ್ಲ.